ಕೇಪಳಕ್ಕೆ ಒಗ್ಗದ ಬೋರ್‌ವೆಲ್ ನೀರು

ಪ್ರಶ್ನೆ: ಪುತ್ತೂರಿನ ತವರುಮನೆಯಿಂದ ತಂದ ಕೇಪಳದ ಗಿಡ ಬೆಂಗಳೂರಿನ ನಮ್ಮ ತಾರಸಿಯ ಕುಂಡದಲ್ಲಿ ಎರಡು ವರ್ಷದಿಂದ ಇದೆ. ಈಚೆಗೆ ಚಿಗುರೆಲ್ಲ ಹಳದಿಯಾಗಿ ಬರುತ್ತಿದೆ. ಹಾಕುವುದು ಬೋರ್‌ವೆಲ್ ನೀರು. ನೀರಿನ ಪಿಎಚ್ ಜಾಸ್ತಿ ಇರಬೇಕು ಅಂತ ನರ್ಸರಿಯವರು ಹೇಳಿದರು. ಇದನ್ನು ಮನೆಯಲ್ಲೇ ನೋಡುವುದು ಹೇಗೆ? ನಿಂಬೆಹಣ್ಣು ಹಿಂಡಿದರೆ ಸರಿಹೋಗುತ್ತದೆಯೇ?

ಉತ್ತರ: ಮೊದಲು ಒಂದು ಎಳೆಯ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ನರಗಳು ಹಸಿರಾಗಿಯೇ ಉಳಿದು ಅವುಗಳ ನಡುವಿನ ಜಾಗ ಮಾತ್ರ ಹಳದಿಯಾಗಿದ್ದರೆ, ಅದೂ ಹೊಸ ಎಲೆಗಳಲ್ಲೇ ಮೊದಲು ಕಂಡಿದ್ದರೆ, ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲ ಎಂದು ತಿಳಿಯಿರಿ. ಬುಡದ ಹಳೆಯ ಎಲೆ ಮೊದಲು ಹಳದಿಯಾಗಿದ್ದರೆ ಅದು ಸಾರಜನಕದ ಕೊರತೆ ಇರಬಹುದು. ಅದಕ್ಕೆ ಗೊಬ್ಬರ ಬೇಕು, ನೀರಿನ ತಂಟೆಗೆ ಹೋಗಬೇಕಿಲ್ಲ.

ಕುಂಡದ ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ. ಮಣ್ಣಿನ ಪಿಎಚ್, ಕೃಷಿ ಇಲಾಖೆಯವರು ರಸಸಾರ ಅನ್ನುವುದು ಇದನ್ನೇ, 7 ದಾಟಿ ಮೇಲೇರಿದಂತೆ ಆ ಕಬ್ಬಿಣ ನೀರಿನಲ್ಲಿ ಕರಗದೆ ಬೇರಿಗೆ ದಕ್ಕದಂತಾಗುತ್ತದೆ. ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ಸನ್ 1909ರಲ್ಲಿ ತಂದ ಈ ಅಳತೆಯಲ್ಲಿ 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಒಂದು ಅಂಕಿ ಬದಲಾದರೆ ಹತ್ತುಪಟ್ಟು ವ್ಯತ್ಯಾಸ. ಹೆಚ್ಚಿನ ಗಿಡಗಳಿಗೆ 6ರಿಂದ 7 ಹಿತ. ಕೇಪಳ ಹುಳಿಮಣ್ಣಿನ ಗಿಡ. ನಿಮ್ಮೂರಿನ ಮುರಕಲ್ಲಿನ ಗುಡ್ಡದಲ್ಲಿ ಯಾರೂ ನೀರೆರೆಯದೆ ಅದು ಕೆಂಪಗೆ ಹೂ ಬಿಡುತ್ತದೆ, ಮಕ್ಕಳು ಹಣ್ಣು ಕಿತ್ತು ತಿನ್ನುತ್ತಾರೆ. ಆ ಮಣ್ಣು ಎಷ್ಟು ಹುಳಿಯೆಂದರೆ ಅಡಿಕೆ ತೋಟಕ್ಕೆ ಸುಣ್ಣ ಹಾಕಬೇಕಾಗುತ್ತದೆ. ಇಲ್ಲಿ ಬೆಂಗಳೂರಿನಲ್ಲಿ ತದ್ವಿರುದ್ಧ: ಬೋರ್‌ವೆಲ್ ನೀರೇ ದಿನಾ ಒಂದಿಷ್ಟು ಸುಣ್ಣದಂಶವನ್ನು ಕುಂಡಕ್ಕೆ ಸುರಿಯುತ್ತಿದೆ.

ಈಗ ಅಳೆಯುವ ವಿಚಾರ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದು ನಿಮಗೆ ಗೊತ್ತು. ಆದರೆ ನೀರು 8ರ ಆಸುಪಾಸಿನಲ್ಲಿದ್ದರೆ ಅರಿಶಿನ ಹಳದಿಯಾಗಿಯೇ ಉಳಿಯುತ್ತದೆ, ಹಾಗಾಗಿ ಇಲ್ಲಿ ಅದು ಪ್ರಯೋಜನಕ್ಕೆ ಬಾರದು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹನಿ ಹಾಕಿ ಬಣ್ಣ ನೋಡುವ ಕಿಟ್ ಸಾಕು. ಪೆನ್ನಿನಂಥ ಮೀಟರ್ ಕೊಳ್ಳುವುದಾದರೆ ಜೊತೆಗೆ ಬರುವ 4 ಮತ್ತು 6.86ರ ಪುಡಿಗಳನ್ನು, ಪೊಟ್ಟಣದ ಮೇಲೆ ಬರೆದಷ್ಟು ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಮೀಟರನ್ನು ಸರಿಹೊಂದಿಸಿಕೊಂಡೇ ಬಳಸಿ. ಗಾಜಿನ ತುದಿ ಒಣಗಿದರೆ ಮೀಟರ್ ಸುಳ್ಳು ಹೇಳಲು ಶುರುಮಾಡುತ್ತದೆ. ಮಣ್ಣಿಗೆ ಚುಚ್ಚಿ ನೋಡುವ ಅಗ್ಗದ ಕಡ್ಡಿಗಳನ್ನು ನಾನಂತೂ ನಂಬುವುದಿಲ್ಲ.

ಇಷ್ಟಾದರೂ ಪಿಎಚ್ ಅಂಕಿಯೊಂದರಿಂದಲೇ ನೀರಿನ ಗುಣ ತಿಳಿಯದು. ನನ್ನ ಅಡುಗೆಮನೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ಒಂದು ಲೀಟರ್ ಕಾವೇರಿ ನೀರು, ಒಂದು ಲೀಟರ್ ಬೋರ್‌ವೆಲ್ ನೀರು, ಎರಡನ್ನೂ ಅಕ್ಕಪಕ್ಕ ಇಟ್ಟೆ. ಮೀಟರ್ ಎರಡಕ್ಕೂ ಹೆಚ್ಚುಕಡಿಮೆ 7.8 ತೋರಿಸಿತು. ಒಂದು ಗ್ರಾಂ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಸಿಡ್ಡನ್ನು, 100 ಮಿಲಿಲೀಟರ್ ನೀರಿನಲ್ಲಿ ಕದಡಿ, ಔಷಧದ 5 ಮಿಲಿಲೀಟರ್ ಚಮಚದಲ್ಲಿ ಒಂದೊಂದಾಗಿ ಹಾಕುತ್ತ, ಕಲಕುತ್ತ ಹೋದೆ. ಕಾವೇರಿ ನೀರು ಮೂರೇ ಚಮಚಕ್ಕೆ 6ಕ್ಕೆ ಇಳಿಯಿತು. ಬೋರ್‌ವೆಲ್ ನೀರಿಗೆ ಎಂಟು ಚಮಚ ಬೇಕಾಯಿತು. ಅದರಲ್ಲಿ ಕರಗಿದ ಬೈಕಾರ್ಬೊನೇಟ್ ಹಾಕಿದ ಹುಳಿಯನ್ನೆಲ್ಲ ನುಂಗಿಕೊಳ್ಳುತ್ತಿತ್ತು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ ಬಿಳಿ ಹೊಪ್ಪಳೆ ಕಟ್ಟುವುದಕ್ಕೂ ಇದೇ ಕಾರಣ. ಕುಂಡದ ಮಣ್ಣನ್ನು ತಿಂಗಳುಗಟ್ಟಲೆ ಕ್ಷಾರದತ್ತ ತಳ್ಳುವುದು ಇದೇ. ಆದ್ದರಿಂದ ನಿಮ್ಮ ನೀರಿನ ಪಿಎಚ್ ಎಷ್ಟೆಂದು ನೋಡಿದ ಮೇಲೆ, ಅದಕ್ಕೆ ಎಷ್ಟು ಚಮಚ ಹುಳಿ ಹಿಡಿಯುತ್ತದೆ ಎಂದೂ ಎಣಿಸಿ. ನನ್ನ ಪ್ರಕಾರ ಇದೇ ಮುಖ್ಯ.

ನಿಂಬೆಹಣ್ಣಿನ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಲೀಟರಿಗೆ ಎಂಟು ಚಮಚ ಅಂದರೆ 10 ಲೀಟರ್ ಬಕೆಟ್ಟಿಗೆ 4 ಗ್ರಾಂ ನಿಂಬೆ ಉಪ್ಪು, ಅಂದರೆ ಸುಮಾರು ನಾಲ್ಕು ನಿಂಬೆಹಣ್ಣಿನ ರಸ. ಅರ್ಧ ಹೋಳು ಹಿಂಡಿದರೆ ಏನೂ ಆಗದು. ನಿಂಬೆ ಉಪ್ಪೇ ವಾಸಿ, ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ತೂಕ ಮಾಡಿ ಹಾಕಬಹುದು. ಹಾಕಿದ ಕೂಡಲೇ ನೀರಿನಲ್ಲಿ ಸಣ್ಣ ಗುಳ್ಳೆಗಳೇಳಬಹುದು. ಆ ಅನಿಲ ಹೊರಹೋದಂತೆ ಪಿಎಚ್ ಮತ್ತೆ ತುಸು ಮೇಲೇರುತ್ತದೆ. ರಾತ್ರಿ ಬೆರೆಸಿಟ್ಟು ಬೆಳಗ್ಗೆ ಇನ್ನೊಮ್ಮೆ ನೋಡಿ, 6ರಿಂದ 6.5ರ ನಡುವೆ ಇದ್ದರೆ ಹಾಕಿ. ಐದಕ್ಕಿಂತ ಕೆಳಗೆ ಇಳಿಸಬೇಡಿ. ಬ್ಯಾಟರಿ ಆಸಿಡ್, ಬಚ್ಚಲು ತೊಳೆಯುವ ಆಸಿಡ್ ಇವನ್ನು ದಯವಿಟ್ಟು ಮುಟ್ಟಲೇಬೇಡಿ. ಕೈ, ಕಣ್ಣು ಸುಡುವ ಸಾಮಾನು ಅವು.

ನಿಂಬೆ ಉಪ್ಪಿಗೂ ಒಂದು ಮಿತಿಯಿದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಕರಗಿಸುತ್ತವೆ, ಆಗ ಬೈಕಾರ್ಬೊನೇಟ್ ಮತ್ತೆ ಹುಟ್ಟುತ್ತದೆ. ಹಾಗಾಗಿ ಇದು ತಾತ್ಕಾಲಿಕ ಪರಿಹಾರ. ಕೇಪಳಕ್ಕೆ ನಿಜವಾಗಿ ಬೇಕಾದದ್ದು ಮಳೆನೀರು. ಶುದ್ಧ ಮಳೆನೀರಿನ ಪಿಎಚ್ ಸಹಜವಾಗಿಯೇ 5.6ರ ಹತ್ತಿರ, ಬೈಕಾರ್ಬೊನೇಟ್ ಇಲ್ಲವೆನ್ನುವಷ್ಟು ಕಡಿಮೆ. ತಾರಸಿಯ ಕೊಳವೆಯ ಬಾಯಿಗೆ ಒಂದು ಡ್ರಮ್ ಇಟ್ಟು, ಮೊದಲ ಮಳೆಯ ಕೊಳೆನೀರು ಹರಿದುಹೋಗಲು ಬಿಟ್ಟು, ಆಮೇಲಿನದನ್ನು ಹಿಡಿಯಿರಿ. ಬೇಸಗೆಯಲ್ಲಿ ಅದನ್ನೇ ಬೋರ್‌ವೆಲ್ ನೀರಿಗೆ ಅರ್ಧಕ್ಕರ್ಧ ಬೆರೆಸಿದರೂ ಗಿಡಕ್ಕೆ ಗೊತ್ತಾಗುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ವ್ಯರ್ಥವಾಗಬಾರದೆಂದು ಅನೇಕರು ಗಿಡಕ್ಕೆ ಸುರಿಯುತ್ತಾರೆ. ಲವಣವೆಲ್ಲ ಅದರಲ್ಲೇ ಕೂಡಿರುತ್ತದೆ, ನೆಲ ಒರೆಸಲು ಇಟ್ಟುಕೊಳ್ಳಿ. ಸಾಫ್ಟನರ್ ನೀರಿನಲ್ಲಿ ಸೋಡಿಯಂ ಇರುವುದರಿಂದ ಅದೂ ಕುಂಡಕ್ಕೆ ಬೇಡ. ಒಲೆಯ ಬೂದಿ, ಮೊಟ್ಟೆಚಿಪ್ಪಿನ ಪುಡಿ ಈ ಗಿಡದ ಹತ್ತಿರವೂ ಸುಳಿಯಬಾರದು, ಎರಡೂ ಪಿಎಚ್ ಏರಿಸುವಂಥವೇ. ಕಾಫಿ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಎನ್ನುತ್ತಾರೆ, ಆದರೆ ಡಿಕಾಕ್ಷನ್ ಇಳಿಸಿ ಉಳಿದ ಚರಟದಲ್ಲಿ ಅಂಥ ಹುಳಿ ಉಳಿದಿರುವುದಿಲ್ಲ.

ಎರಡು ವರ್ಷದ ಸುಣ್ಣ ಕೂತಿರುವ ಮಣ್ಣನ್ನು ಈ ಮಳೆಗಾಲದ ಮೊದಲು ಬದಲಿಸಿ. ಊರಿಗೆ ಹೋದಾಗ ಒಂದು ಚೀಲ ಗುಡ್ಡದ ಕೆಮ್ಮಣ್ಣು ತಂದು, ಕೊಳೆತ ಎಲೆಗೊಬ್ಬರ ಸೇರಿಸಿ ಕುಂಡ ತುಂಬಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಲ್ಲಿಯವರೆಗೆ ಚಿಗುರಿಗೆ ಆಸರೆಯಾಗಿ, ಒಂದು ಲೀಟರ್ ಮಳೆನೀರಿಗೆ ಅಥವಾ ಆರ್‌ಒ ಶುದ್ಧ ನೀರಿಗೆ 2 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಒಂದು ಚಿಟಿಕೆ ನಿಂಬೆ ಉಪ್ಪು ಕರಗಿಸಿ, ಬಿಸಿಲು ಇಳಿದ ಮೇಲೆ ಎಲೆಗೆ ಸಿಂಪಡಿಸಿ. ಮೊದಲ ದಿನ ನಾಲ್ಕೈದು ಎಲೆಗೆ ಮಾತ್ರ. ಕಲೆ ಬೀಳದಿದ್ದರೆ ಎರಡು ದಿನ ಬಿಟ್ಟು ಇಡೀ ಗಿಡಕ್ಕೆ. ತಾರಸಿಯ ನೆಲಕ್ಕೆ ಹನಿ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಗೋಣಿಚೀಲ ಹಾಸಿಕೊಳ್ಳಿ. ಪೂರ್ತಿ ಹಳದಿಗಟ್ಟಿದ ಎಲೆ ಮತ್ತೆ ಹಸಿರಾಗುವುದು ಅಪರೂಪ, ಅದನ್ನು ನೋಡಿ ಕೈಚೆಲ್ಲಬೇಡಿ. ಇನ್ನು ಮುಂದೆ ಬರುವ ಚಿಗುರಿನ ಬಣ್ಣ ನೋಡಿ.