ಶಿಷ್ಟ ಸಂಕೇತ, ಸ್ವಂತ ಸಂಕೇತ

ಒಮ್ಮೆ ಬರೆದುದು ಎಲ್ಲ ಗಣಕಯಂತ್ರಗಳಲ್ಲಿಯೂ ನಡೆಯಬೇಕೆಂಬುದು 1995ರಲ್ಲಿ ಹೊರಬಂದ ಜಾವಾ ಎಂಬ ಕ್ರಮವಿಧಿ ಭಾಷೆಯ ಉದ್ದೇಶವಾಗಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯು ಅದಕ್ಕೆ ತನ್ನದೇ ಸೇರ್ಪಡೆಗಳನ್ನು ಮಾಡಿತು. ಅವನ್ನು ಬಳಸಿ ಬರೆದುದು ವಿಂಡೋಸ್‌ನ ಆಚೆಗೆ ನಡೆಯದಾಯಿತು. 1997ರಲ್ಲಿ ಜಾವಾದ ಒಡೆತನದ ಸನ್ ಸಂಸ್ಥೆಯು ನ್ಯಾಯಾಲಯದ ಮೆಟ್ಟಿಲೇರಿತು.

ಇಂಥದೇ ಆಯ್ಕೆ ಕನ್ನಡ ಲಿಪಿಗೂ ಎದುರಾಯಿತು. ಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆಯಲ್ಲಿ ‘ಕ’ಕಾರದ ಸಂಖ್ಯೆ 3221. ಆದರೆ ಅಂದಿನ ಸಾಮಾನ್ಯ ಯಂತ್ರಗಳು ಆ ಸಂಖ್ಯೆಗಳಿಂದ ಒತ್ತಕ್ಷರಗಳನ್ನು ಜೋಡಿಸಲಾರದಾಗಿದ್ದವು. ಆದುದರಿಂದ ಶ್ರೀಲಿಪಿ, ಆಕೃತಿ, ನುಡಿ ಮೊದಲಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂರಿಸಿ, ತಮ್ಮ ತಮ್ಮ ಸಂಕೇತಗಳನ್ನು ರಚಿಸಿಕೊಂಡವು. ಕನ್ನಡದ ಮುದ್ರಣ ನಿಲ್ಲದೆ ನಡೆದುದು ಅವುಗಳಿಂದಲೇ ಎಂಬುದನ್ನು ಮರೆಯಲಾಗದು.

ತೊಡಕು ಕಾಣಿಸಿದ್ದು ಕಡತವು ಊರು ಬಿಟ್ಟಾಗ. ನಾಗಮಂಗಲದಲ್ಲಿ ನುಡಿಯ ಸಂಕೇತದಲ್ಲಿ ಬರೆದ ಪತ್ರವನ್ನು, ಆ ಅಕ್ಷರಶೈಲಿಯಿಲ್ಲದ ಕೃಷ್ಣರಾಜಪೇಟೆಯ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಪದವು ಇಂಗ್ಲಿಷಿನ ‘ಪಿ’ ಅಕ್ಷರದಿಂದ ಮೊದಲಾಗುವ ಅರ್ಥಹೀನ ಚಿಹ್ನೆಗಳ ಸಾಲಾಗಿ ತೋರುತ್ತದೆ. ಪಾಂಡವಪುರದಲ್ಲಿ ಯೂನಿಕೋಡ್‌ನಲ್ಲಿ ಬರೆದುದಾದರೋ ಶ್ರೀರಂಗಪಟ್ಟಣದಲ್ಲಿಯೂ ಲಂಡನ್ನಿನಲ್ಲಿಯೂ ಕನ್ನಡವಾಗಿಯೇ ತೆರೆಯುತ್ತದೆ.

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಇವೆ. ಆದರೆ ನಡುನಡುವೆ ಬಂದ ಇಂಗ್ಲಿಷ್ ಹೆಸರುಗಳನ್ನೂ ಅವು ಕನ್ನಡವೆಂದೇ ಬಗೆದು ಕೆಡಿಸುವುದುಂಟು. ಅಂಥ ಕಡೆ ಸಾಲುಸಾಲನ್ನೂ ಓದಿ ಮನುಷ್ಯರೇ ತಿದ್ದಬೇಕಾಗುತ್ತದೆ.