ಸಮ್ಮಿಶ್ರ ಮಂತ್ರಿಮಂಡಲದ ರಚನೆ: ನಮ್ಮ ಜಿಲ್ಲೆಯಿಂದ ನೋಡಿದಾಗ

ಒಂದೇ ಪಕ್ಷಕ್ಕೆ ಬಹುಮತವಿದ್ದಾಗ ಮಂತ್ರಿಮಂಡಲವನ್ನು ರಚಿಸುವುದು ಮನೆಯೊಳಗಿನ ವಿಚಾರ. ಎರಡು ಪಕ್ಷಗಳು ಕೂಡಿದಾಗ ಅದು ಬೀಗರ ನಡುವಣ ಮಾತುಕತೆಯಾಗುತ್ತದೆ. ಯಾರಿಗೆ ಎಷ್ಟು ಸ್ಥಾನ, ಯಾರಿಗೆ ಯಾವ ಖಾತೆ ಎಂಬುದನ್ನು ಮೊದಲೇ ಗೊತ್ತುಮಾಡದೆ ಚಪ್ಪರ ಏಳುವುದಿಲ್ಲ. ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವು ಓದುವ ಸಂವಿಧಾನದ 164ನೆಯ ವಿಧಿಯ ಪ್ರಕಾರ, ಮುಖ್ಯಮಂತ್ರಿಯ ಸಲಹೆಯಂತೆ ರಾಜ್ಯಪಾಲರು ಇತರ ಮಂತ್ರಿಗಳನ್ನು ನೇಮಿಸುತ್ತಾರೆ. ಸಮ್ಮಿಶ್ರ ಸರ್ಕಾರದಲ್ಲಿ ಈ ಸಲಹೆ ಎಷ್ಟರಮಟ್ಟಿಗೆ ಮುಖ್ಯಮಂತ್ರಿಯ ಸ್ವಂತದ್ದು ಎಂಬುದೇ ಪ್ರಶ್ನೆ. ಇದನ್ನು ತಿಳಿಯಲು ನಾವು ಇಂಗ್ಲೆಂಡಿಗೋ ಫ್ರಾನ್ಸಿಗೋ ಹೋಗಬೇಕಾದುದಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯೊಂದೇ ಸಮ್ಮಿಶ್ರ ಸರ್ಕಾರಗಳನ್ನು ನಡೆಸಿದ ಒಬ್ಬ ಪ್ರಧಾನಮಂತ್ರಿಯನ್ನೂ ಒಬ್ಬ ಮುಖ್ಯಮಂತ್ರಿಯನ್ನೂ ಕೊಟ್ಟಿದೆ.

1996ರ ಜೂನ್ 1ರಂದು ಶ್ರೀ ಎಚ್. ಡಿ. ದೇವೇಗೌಡರು ಪ್ರಧಾನಿಯಾದಾಗ ಅವರ ಜನತಾ ದಳಕ್ಕೆ ಲೋಕಸಭೆಯಲ್ಲಿದ್ದ ಸ್ಥಾನಗಳು 46 ಮಾತ್ರ. ಅರ್ಥಖಾತೆ ತಮಿಳು ಮಾನಿಲ ಕಾಂಗ್ರೆಸ್ಸಿನ ಚಿದಂಬರಂ ಅವರಿಗೆ, ರಕ್ಷಣೆ ಮುಲಾಯಂ ಸಿಂಗರಿಗೆ, ಗೃಹಖಾತೆ ಕಮ್ಯೂನಿಸ್ಟ್ ನಾಯಕ ಇಂದ್ರಜಿತ್ ಗುಪ್ತರಿಗೆ ಹೋದವು. ಹೊರಗಿನಿಂದ ಬೆಂಬಲವಿತ್ತಿದ್ದ ಕಾಂಗ್ರೆಸ್ಸಿಗೆ ಒಂದು ಖಾತೆಯೂ ಇರಲಿಲ್ಲ. ಕಳೆದುಕೊಳ್ಳಲು ಖಾತೆಯೇ ಇಲ್ಲದವನಿಗೆ ಸರ್ಕಾರವನ್ನು ಕೆಡಹುವುದು ಕಷ್ಟವಲ್ಲ. 1997ರ ಏಪ್ರಿಲ್ 11ರಂದು ಆ ಸರ್ಕಾರ ವಿಶ್ವಾಸಮತದಲ್ಲಿ ಸೋತಿತು.

ನಮ್ಮ ರಾಜ್ಯದ 2018ರ ಉದಾಹರಣೆ ಇದಕ್ಕಿಂತ ಹೆಚ್ಚು ಬೋಧಪ್ರದವಾದುದು. ಆ ಮೇ ತಿಂಗಳ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷಕ್ಕೆ 104, ಕಾಂಗ್ರೆಸ್ಸಿಗೆ 78, ಜಾತ್ಯತೀತ ಜನತಾ ದಳಕ್ಕೆ 37 ಸ್ಥಾನಗಳು ದೊರೆತವು. ಶ್ರೀ ಯಡಿಯೂರಪ್ಪನವರ ಮೂರು ದಿನಗಳ ಸರ್ಕಾರ ಹೋದ ಮೇಲೆ, ಮೇ 23ರಂದು ಶ್ರೀ ಎಚ್. ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿಯೂ ಕಾಂಗ್ರೆಸ್ಸಿನ ಡಾ. ಜಿ. ಪರಮೇಶ್ವರ ಅವರು ಉಪಮುಖ್ಯಮಂತ್ರಿಯಾಗಿಯೂ ಪ್ರಮಾಣವಚನ ಸ್ವೀಕರಿಸಿದರು. ಉಳಿದ ಮಂತ್ರಿಗಳು ಬಂದದ್ದು ಜೂನ್ 6ರಂದು. ನಡುವಣ ಎರಡು ವಾರ ಕಾಲ ರಾಜ್ಯಕ್ಕೆ ಇದ್ದವರು ಇಬ್ಬರೇ ಮಂತ್ರಿಗಳು!

ಆ ಎರಡು ವಾರಗಳಲ್ಲಿ ನಡೆದದ್ದು ಲೆಕ್ಕಾಚಾರ. 2003ರ 91ನೆಯ ತಿದ್ದುಪಡಿಯಂತೆ ಮಂತ್ರಿಗಳ ಸಂಖ್ಯೆ ಸದನದ ಶೇಕಡ 15ನ್ನು ಮೀರುವಂತಿಲ್ಲ. 224ರ ಶೇಕಡ 15 ಎಂದರೆ 33.6, ಆಚರಣೆಯಲ್ಲಿ 34 ಎಂದಾಗಿದೆ. (ಈ 0.4 ಮಂತ್ರಿ ಎಲ್ಲಿಂದ ಬಂದರೆಂದು ಗಣಿತದ ಅಧ್ಯಾಪಕರೇ ಹೇಳಬೇಕು.) ಇದರಲ್ಲಿ ಕಾಂಗ್ರೆಸ್ಸಿಗೆ 22, ದಳಕ್ಕೆ ಮುಖ್ಯಮಂತ್ರಿಯೂ ಸೇರಿ 12 ಎಂದು ಒಪ್ಪಂದವಾಯಿತು. ಕೂಡುವ ಪಕ್ಷಗಳು ತಾವು ತಂದ ಬಲಕ್ಕೆ ತಕ್ಕ ಪಾಲನ್ನು ನಿರೀಕ್ಷಿಸುತ್ತವೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಗ್ಯಾಮ್ಸನ್ 1961ರಲ್ಲಿಯೇ ಪ್ರತಿಪಾದಿಸಿದ್ದರು. ಯೂರೋಪಿನ ಮಂತ್ರಿಮಂಡಲಗಳನ್ನು ಪರಿಶೀಲಿಸಿದ ವಿದ್ವಾಂಸರು ಇದು ಬಹುಮಟ್ಟಿಗೆ ನಿಜವೆಂದೂ, ಸಣ್ಣ ಪಕ್ಷಕ್ಕೆ ಮಾತ್ರ ತುಸು ಹೆಚ್ಚೇ ಸಿಗುವುದೆಂದೂ ಕಂಡರು. ನಮ್ಮಲ್ಲಿ ಲೆಕ್ಕ ಹಾಕಿ ನೋಡೋಣ: 115ರಲ್ಲಿ 37 ತಂದವರಿಗೆ 34ರಲ್ಲಿ ಸಲ್ಲತಕ್ಕದ್ದು ಸುಮಾರು 11. ದೊರೆತದ್ದು 12, ಅದರಲ್ಲಿಯೂ ಮುಖ್ಯಮಂತ್ರಿ ಪದವಿ. ದಳವಿಲ್ಲದೆ ಕಾಂಗ್ರೆಸ್ಸು ಸರ್ಕಾರ ಮಾಡುವಂತಿರಲಿಲ್ಲ ಎಂಬುದೇ ಆ ಹೆಚ್ಚಿನ ಪಾಲಿಗೆ ಕಾರಣ.

ಆದರೆ ತಲೆಯೆಣಿಕೆಯೇ ಎಲ್ಲವೂ ಅಲ್ಲ. ಖಾತೆಗಳ ತೂಕ ಬೇರೆ ಬೇರೆ. 2006ರಲ್ಲಿ ಭಾರತೀಯ ಜನತಾ ಪಕ್ಷದೊಡನೆ ಕೂಡಿ ಮುಖ್ಯಮಂತ್ರಿಯಾದಾಗ ಕುಮಾರಸ್ವಾಮಿಯವರು ಅರ್ಥಖಾತೆಯನ್ನು ಯಡಿಯೂರಪ್ಪನವರಿಗೆ ಬಿಟ್ಟಿದ್ದರು. 2018ರಲ್ಲಿ ಗೃಹಖಾತೆಯನ್ನು ಕಾಂಗ್ರೆಸ್ಸಿಗೆ ಕೊಟ್ಟು ಅರ್ಥಖಾತೆಯನ್ನು ತಾವೇ ಇಟ್ಟುಕೊಂಡರು. ಆ ಜುಲೈ 5ರ ಆಯವ್ಯಯದಲ್ಲಿ ರೈತರ ಸಾಲಮನ್ನಾ ಘೋಷಿಸಲು ಅವರಿಗೆ ಸಾಧ್ಯವಾದದ್ದು ಇದರಿಂದಲೇ ಎಂದು ನನ್ನ ಅಭಿಪ್ರಾಯ. ಸೊಸೈಟಿ ಸಾಲದ ಪಾಸ್‌ಬುಕ್ಕು ಇರುವ ಮನೆಗಳಿಂದ ಬಂದ ನಮಗೆ ಅರ್ಥಖಾತೆ ಬರಿಯ ಪಠ್ಯಪುಸ್ತಕದ ಮಾತಲ್ಲ.

ಇನ್ನು ನಮ್ಮ ಜಿಲ್ಲೆಯ ವಿಚಾರ. ಹಾಸನ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಆರನ್ನು ದಳವೇ ಗೆದ್ದಿತ್ತು. ಹಾಸನ ಪಟ್ಟಣವಿರುವ ಕ್ಷೇತ್ರ ಮಾತ್ರ ಭಾರತೀಯ ಜನತಾ ಪಕ್ಷದ ಪಾಲಾಯಿತು. ಆರು ಮಂದಿಯಲ್ಲಿ ಮಂತ್ರಿಯಾದವರು ಒಬ್ಬರೇ: ಹೊಳೆನರಸೀಪುರದ ಶ್ರೀ ಎಚ್. ಡಿ. ರೇವಣ್ಣನವರು, ಲೋಕೋಪಯೋಗಿ ಖಾತೆಗೆ. ಅರಕಲಗೂಡಿನ ಶ್ರೀ ಎ. ಟಿ. ರಾಮಸ್ವಾಮಿಯವರಾಗಲಿ, ಚನ್ನರಾಯಪಟ್ಟಣವನ್ನೊಳಗೊಂಡ ಶ್ರವಣಬೆಳಗೊಳ ಕ್ಷೇತ್ರದ ಶ್ರೀ ಸಿ. ಎನ್. ಬಾಲಕೃಷ್ಣ ಅವರಾಗಲಿ ಪಟ್ಟಿಯಲ್ಲಿರಲಿಲ್ಲ. ಇದು ಅನ್ಯಾಯವೆಂದು ಹಳ್ಳಿಯ ಕಟ್ಟೆಗಳಲ್ಲಿ ಆಡಿಕೊಳ್ಳುವುದುಂಟು. ಆದರೆ ಪಟ್ಟಿಯನ್ನು ಪೂರ್ತಿ ನೋಡಬೇಕು. ಜೂನ್ 6ರಂದು ದಳದಿಂದ ಬಂದ ಒಂಬತ್ತು ಮಂತ್ರಿಗಳಲ್ಲಿ ಮೂವರು ಬೀದರ್, ವಿಜಾಪುರ, ರಾಯಚೂರು ಜಿಲ್ಲೆಗಳವರು. ಅಲ್ಲಿ ದಳದ ಬಲ ಸ್ವಲ್ಪವೇ. ಹಳೆಯ ಮೈಸೂರಿನ ಪಕ್ಷವೆಂಬ ಹೆಸರನ್ನು ತೊಡೆಯಬೇಕಾದರೆ ತೌರಿನವರು ಪಾಲು ಬಿಡಲೇಬೇಕಷ್ಟೆ. ಹನ್ನೆರಡರಲ್ಲಿ ಒಂದು ಸ್ಥಾನ ಬಹುಜನ ಸಮಾಜ ಪಕ್ಷದ ಶ್ರೀ ಎನ್. ಮಹೇಶ್ ಅವರಿಗೂ ಸಂದಿತು.

ಮಂತ್ರಿಯಾಗದವನು ಏನೂ ಮಾಡಲಾರನೆಂಬುದೂ ತಪ್ಪು ತಿಳಿವಳಿಕೆ. ಹಿಂದಿನ ಸಮ್ಮಿಶ್ರ ಸರ್ಕಾರದ ಕಾಲದಲ್ಲಿ ಬೆಂಗಳೂರಿನ ಸುತ್ತಣ ಸರ್ಕಾರಿ ಭೂಮಿಯ ಒತ್ತುವರಿಯನ್ನು ಬಯಲಿಗೆಳೆದ ಸದನ ಸಮಿತಿಯ ಅಧ್ಯಕ್ಷರು ಇದೇ ರಾಮಸ್ವಾಮಿಯವರು. ಆ ವರದಿಯ ಹೆಸರು ಇಂದಿಗೂ ಕೇಳಿಬರುತ್ತದೆ. ಆಗಿನ ಎಷ್ಟು ಮಂತ್ರಿಗಳ ಹೆಸರು ನಮಗೆ ನೆನಪಿದೆ?

2018ರ ಸರ್ಕಾರದ ಕಡೆಯ ದಿನಗಳು ಮಂತ್ರಿಪದವಿಯ ಬೆಲೆಯನ್ನು ಇನ್ನೊಂದು ಬಗೆಯಲ್ಲಿ ತೋರಿಸುತ್ತವೆ. ಅತೃಪ್ತರನ್ನು ಸಮಾಧಾನಪಡಿಸಲು 2018ರ ಡಿಸೆಂಬರ್ 22ರಂದು ಕಾಂಗ್ರೆಸ್ಸಿನ ಎಂಟು ಮಂದಿಯನ್ನು ಸೇರಿಸಿಕೊಂಡರು. 2019ರ ಜೂನ್ 14ರಂದು ಶ್ರೀ ಆರ್. ಶಂಕರ್ ಮತ್ತು ಪಕ್ಷೇತರರಾದ ಶ್ರೀ ಎಚ್. ನಾಗೇಶ್ ಮಂತ್ರಿಗಳಾದರು. ಈ ಇಬ್ಬರೂ ಜುಲೈ 8ರಂದು ಬೆಂಬಲ ಹಿಂತೆಗೆದುಕೊಂಡರು. ಡಿಸೆಂಬರಿನಲ್ಲಿ ಬಂದಿದ್ದ ಶ್ರೀ ಎಂ. ಟಿ. ಬಿ. ನಾಗರಾಜ್ ಅವರೂ ರಾಜೀನಾಮೆ ಕೊಟ್ಟು ಹೊರನಡೆದರು. ಜುಲೈ 23ರಂದು ವಿಶ್ವಾಸಮತಕ್ಕೆ ಪರವಾಗಿ 99, ವಿರೋಧವಾಗಿ 105 ಮತಗಳು ಬಿದ್ದವು. ಆ 99ರಲ್ಲಿ ಹಾಸನ ಜಿಲ್ಲೆಯ ದಳದ ಆರು ಮತಗಳೂ ಇದ್ದವು. ಅವರಲ್ಲಿ ಐವರು ಆ ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಮಂತ್ರಿಗಳಾಗಿರಲಿಲ್ಲ.