ಬಿತ್ತಿದ ದಿನ, ತುಂಬಿದ ತೆನೆ

ಮಳೆಗಾಲದಲ್ಲಿ ಬೇಲಾಪುರದ ರಸ್ತೆ ಬದಿ ಸುಟ್ಟು ಕೊಡುವ ಮೆಕ್ಕೆಜೋಳಕ್ಕೆ ಹಾವೇರಿ ಕಡೆ ಗೋವಿನಜೋಳ ಅಂತಾರೆ. ಅಲ್ಲಿ ಅದು ಹೆಚ್ಚಾಗಿ ಮಳೆ ನಂಬಿದ ಬೆಳೆ. ಆದ್ದರಿಂದ ಬಿತ್ತುವ ದಿನ ತಪ್ಪಿದರೆ ಇಳುವರಿಯೂ ತಪ್ಪುತ್ತದೆ.

ಜೂನ್ ತಿಂಗಳ ಮಿರಗದ ಮಳೆಗೆ ಬಿತ್ತಿದರೆ ಸುಮಾರು 60 ದಿನಕ್ಕೆ, ಆಗಸ್ಟಿನಲ್ಲಿ, ಸೂಲಂಗಿ ಬರುತ್ತದೆ. ತೆನೆಯ ಒಂದೊಂದು ರೇಷ್ಮೆಯಂಥ ಎಳೆಗೂ ಪರಾಗ ಮುಟ್ಟಿದರೇನೇ ಒಂದೊಂದು ಕಾಳು. ಆಗ ನೆಲದಲ್ಲಿ ತೇವ ಇಲ್ಲದಿದ್ದರೆ ಎಳೆ ತಡವಾಗಿ ಹೊರಬರುತ್ತದೆ. ಅಷ್ಟರಲ್ಲಿ ಪರಾಗ ಉದುರಿಹೋಗಿರುತ್ತದೆ. ಆಮೇಲೆ ಎಷ್ಟು ಮಳೆ ಸುರಿದರೂ ಆ ಕಾಳು ಬಾರದು.

ಜುಲೈ ದಾಟಿಸಿ ಬಿತ್ತಿದರೆ ಇದೆಲ್ಲ ಅಕ್ಟೋಬರಿಗೆ ಬೀಳುತ್ತದೆ. ಆಗ ಮಳೆಯ ಭರವಸೆ ಕಡಿಮೆ. ಹಾಗಂತ ನಾಲ್ಕು ಹನಿಗೇ ಅವಸರಪಟ್ಟರೆ ಮೊಳಕೆ ಒಣಗಿ ಬೀಜದ ದುಡ್ಡೂ ಹೋಗುತ್ತದೆ. ಸೂಲಂಗಿಯ ಹೊತ್ತಿಗೆ ನೀರು ಸಿಗುವಂತೆ ಹಿಂದಕ್ಕೆ ಎಣಿಸಿ, ಹದ ನೋಡಿ ಬಿತ್ತುವುದೇ ರೈತನ ಲೆಕ್ಕ.